ಕನ್ಫರ್ಮ್ ಒತ್ತಿದ್ದು ನಾನೇ, ನೈಫ್ ಹೋಗಿದ್ದು ಯಾರಿಗೆ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ನಾಲ್ಕು ವರ್ಷದಿಂದ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಅಕೌಂಟಿನಲ್ಲಿ ಕೌಂಟರ್-ಸ್ಟ್ರೈಕ್ ಎಂಬ ಗನ್ ಆಟ ಆಡುತ್ತೇನೆ. ಆಟದಲ್ಲಿ ಸಿಗುವ ಕೇಸ್ (ಪೆಟ್ಟಿಗೆ) ಮಾರಿ, ಸಣ್ಣಪುಟ್ಟ ಸ್ಕಿನ್ (ಆಟದ ಆಯುಧಗಳ ಬಣ್ಣದ ವಿನ್ಯಾಸ) ಅದಲುಬದಲು ಮಾಡಿ, ಟ್ಯೂಷನ್ ಹೇಳಿ ಬಂದ ದುಡ್ಡನ್ನೂ ಸೇರಿಸಿ ಆಟದೊಳಗಿನ ಒಂದು ನೈಫ್ ಮಾಡಿಕೊಂಡಿದ್ದೆ. ಬೆಲೆ ಸುಮಾರು 26 ಸಾವಿರ. ಲ್ಯಾಪ್‌ಟಾಪ್ ಕೆಟ್ಟಿತು, ಹಣ ಬೇಕಾಯಿತು. ಸ್ಕಿನ್ ಮಾರುವ ಒಂದು ಸೈಟಿನಲ್ಲಿ ನೈಫ್ ಹಾಕಿದೆ. ಸೈಟಿನ ಬಾಟ್‌ನಿಂದ (ಅವರ ಪರವಾಗಿ ತಾನಾಗಿಯೇ ವ್ಯವಹರಿಸುವ ಅಕೌಂಟ್) ಟ್ರೇಡ್ ಆಫರ್ ಬಂತು. ಹೆಸರು ಅದೇ, ಫೋಟೋ ಅದೇ. ಮೊಬೈಲಿನಲ್ಲಿ ಕನ್ಫರ್ಮ್ ಒತ್ತಿದೆ. ನೈಫ್ ಹೋಯಿತು, ಸೈಟಿನವರು ನಮಗೆ ಬಂದೇ ಇಲ್ಲ ಅನ್ನುತ್ತಿದ್ದಾರೆ. ಸ್ಟೀಮ್ ಗಾರ್ಡ್ (ಲಾಗಿನ್‌ಗೂ ಟ್ರೇಡ್‌ಗೂ ಮೊಬೈಲಿನಲ್ಲಿ ಒಪ್ಪಿಗೆ ಕೇಳುವ ರಕ್ಷಣೆ) ಆನ್ ಇತ್ತು, ಪಾಸ್‌ವರ್ಡ್ ಯಾರಿಗೂ ಕೊಟ್ಟಿಲ್ಲ. ಈಗ ಡಿಸ್ಕಾರ್ಡ್ ಎಂಬ ಚಾಟ್ ಆಪ್‌ನಲ್ಲಿ ಒಬ್ಬ, 3 ಸಾವಿರ ಕೊಟ್ಟರೆ ವಾಪಸ್ ತರಿಸುತ್ತೇನೆ ಅನ್ನುತ್ತಿದ್ದಾನೆ. ನನ್ನ ರೂಮ್‌ಮೇಟ್‌ದು ಇನ್ನೊಂದು ಕಥೆ. ಅವನು ಆಟದ ಗ್ಲವ್ಸ್ ಮಾರಿ ಯುಪಿಐನಲ್ಲಿ ಹಣ ತೆಗೆದುಕೊಂಡ, ಎರಡು ವಾರದ ಮೇಲೆ ಅವನ ಬ್ಯಾಂಕ್ ಅಕೌಂಟೇ ಫ್ರೀಜ್ ಆಗಿದೆ. ನಾವು ಎಲ್ಲಿ ತಪ್ಪಿದೆವು? ಮುಂದೆ ಟ್ರೇಡ್ ಮಾಡುವುದಾದರೆ ಹೇಗೆ ಮಾಡಬೇಕು?

ಉತ್ತರ: ನಿಮ್ಮ ಪತ್ರ ಬಂದ ರಾತ್ರಿಯೇ ನಾನು ಟ್ರೇಡ್ ರದ್ದು ಮಾಡಿಬಿಡಿ ಎಂದು ನಾಲ್ಕು ಸಾಲು ಬರೆದು ಕಳಿಸಿದ್ದೆ, ಏಕೆಂದರೆ ಟ್ರೇಡ್ ಆಗಿ ಇನ್ನೂ ಮೂರೇ ದಿನವಾಗಿತ್ತು. ಮಾರನೇ ದಿನ ನೈಫ್ ಇನ್ವೆಂಟರಿಗೆ ವಾಪಸ್ ಬಂತು ಎಂದು ನೀವು ತಿಳಿಸಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಇದೇ ಹೊಡೆತ ತಿಂದ ಎಷ್ಟೋ ಹುಡುಗರಿಗೆ ಇಂಥದ್ದೊಂದು ದಾರಿ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಜುಲೈ 2025ರಲ್ಲಿ ಈ ಆಟವನ್ನೂ ಸ್ಟೀಮನ್ನೂ ನಡೆಸುವ ವಾಲ್ವ್ ಕಂಪನಿ ಕೌಂಟರ್-ಸ್ಟ್ರೈಕ್ 2ರ ವಸ್ತುಗಳಿಗೆ ಟ್ರೇಡ್ ಪ್ರೊಟೆಕ್ಷನ್ ಎಂಬ ವ್ಯವಸ್ಥೆ ತಂದಿತು. ಟ್ರೇಡ್‌ನಲ್ಲಿ ಕೈ ಬದಲಾದ ವಸ್ತು ಏಳು ದಿನ ಬೀಗದಲ್ಲಿರುತ್ತದೆ. ಪಡೆದವನು ಅದನ್ನು ಆಟದಲ್ಲಿ ಬಳಸಬಹುದು, ಆದರೆ ಇನ್ನೊಬ್ಬರಿಗೆ ದಾಟಿಸುವ ಹಾಗಿಲ್ಲ, ಮಾರುವ ಹಾಗಿಲ್ಲ, ಬದಲಾಯಿಸುವ ಹಾಗೂ ಇಲ್ಲ. ಆ ಏಳು ದಿನದೊಳಗೆ ನೀವು ನಿಮ್ಮ ಟ್ರೇಡ್ ಹಿಸ್ಟರಿಗೆ ಹೋಗಿ ಟ್ರೇಡ್ ರದ್ದು ಮಾಡಬಹುದು. ರದ್ದು ಮಾಡಿದರೆ ಆ ಅವಧಿಯಲ್ಲಿ ಆದ, ಇನ್ನೂ ರಕ್ಷಣೆಯಲ್ಲಿರುವ ಟ್ರೇಡ್‌ಗಳೆಲ್ಲ ಒಟ್ಟಿಗೇ ಹಿಂದಕ್ಕೆ ಹೋಗುತ್ತವೆ. ಒಂದನ್ನು ಮಾತ್ರ ಆರಿಸಿಕೊಳ್ಳಲು ಬರುವುದಿಲ್ಲ. ಮೇಲಿಂದ 30 ದಿನ ನಿಮ್ಮ ಅಕೌಂಟಿಗೆ ಟ್ರೇಡಿಂಗೂ ಇಲ್ಲ, ಮಾರ್ಕೆಟ್ಟೂ ಇಲ್ಲ. 26 ಸಾವಿರದ ವಸ್ತು ಕೈಗೆ ಬರುವಾಗ ಒಂದು ತಿಂಗಳು ಸುಮ್ಮನಿರುವುದು ದೊಡ್ಡ ಮಾತಲ್ಲ. ಏಳು ದಿನ ದಾಟಿದರೆ ಮಾತ್ರ ಕಷ್ಟ. ಕೈಬಿಟ್ಟು ಹೋದ ವಸ್ತುವನ್ನು ಸ್ಟೀಮ್ ಸಪೋರ್ಟ್‌ನವರು ತಾವಾಗಿ ತಂದುಕೊಡುವುದಿಲ್ಲ. ಅದು ಅವರ ಬಹಳ ವರ್ಷಗಳ ನಿಯಮ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಪಾಸ್‌ವರ್ಡ್ ಕೊಟ್ಟಿಲ್ಲ, ಸ್ಟೀಮ್ ಗಾರ್ಡ್ ಇತ್ತು, ಆದರೂ ಹೇಗಾಯಿತು? ನಾನು ಫೋನಿನಲ್ಲಿ ಕೇಳಿದಾಗ ನಿಮಗೆ ನೆನಪಾಯಿತಲ್ಲ, ಒಂದೂವರೆ ತಿಂಗಳ ಹಿಂದೆ ಫ್ರೆಂಡ್ ಲಿಸ್ಟ್‌ನಲ್ಲಿದ್ದ ಒಬ್ಬ, "ಬ್ರೋ, ನಮ್ಮ ಟೀಮ್‌ಗೆ ಒಂದು ವೋಟ್ ಹಾಕು" ಎಂದು ಲಿಂಕ್ ಕಳಿಸಿದ್ದ. ನೀವು ಸ್ಟೀಮ್ ಮೂಲಕ ಲಾಗಿನ್ ಆಗಿ ವೋಟ್ ಹಾಕಿದ್ದಿರಿ. ಏನೂ ಆಗಲಿಲ್ಲ, ಮರೆತೂ ಬಿಟ್ಟಿರಿ. ಕಳ್ಳ ಒಳಗೆ ಬಂದದ್ದು ಅವತ್ತೇ.

ಅದು ಸ್ಟೀಮ್‌ನ ಲಾಗಿನ್ ಪುಟ ಆಗಿರಲಿಲ್ಲ. ಅದರಲ್ಲಿ ನೀವು ಹಾಕಿದ ಪಾಸ್‌ವರ್ಡ್, ಮೊಬೈಲಿನಲ್ಲಿ ನೋಡಿ ಹಾಕಿದ ಕೋಡ್ ಎರಡೂ ಆ ಕ್ಷಣದಲ್ಲೇ ಅವನ ಕೈ ಸೇರಿದವು. ಆ ಕೋಡ್‌ನಿಂದ ಅವನು ನಿಮ್ಮ ಅಕೌಂಟಿಗೆ ಲಾಗಿನ್ ಆದ. ಆದರೆ ನೈಫ್ ತೆಗೆದುಕೊಂಡು ಹೋಗಲು ಆಗಲಿಲ್ಲ. ಯಾಕೆಂದರೆ ವಸ್ತು ಹೊರಗೆ ಹೋಗಬೇಕಾದರೆ ನಿಮ್ಮ ಫೋನಿನಲ್ಲಿ ಕನ್ಫರ್ಮ್ ಒತ್ತಬೇಕು, ಆ ಫೋನ್ ಇರುವುದು ನಿಮ್ಮ ಜೇಬಿನಲ್ಲಿ. ಹಾಗಾಗಿ ಅವನು ಕಾದು ಕೂತ. ಇಂಥವರು ನಿಮ್ಮ ಹೆಸರಿನಲ್ಲಿ ಎಪಿಐ ಕೀ (ಪ್ರೋಗ್ರಾಂಗಳು ನಿಮ್ಮ ಅಕೌಂಟಿನ ವ್ಯವಹಾರ ನೋಡಲು ಬಳಸುವ ಗುಟ್ಟಿನ ಸಂಕೇತ) ಎಂಬುದೊಂದನ್ನು ಮಾಡಿಕೊಳ್ಳಲು ನೋಡುತ್ತಾರೆ, ಇಲ್ಲವೇ ಕದ್ದ ಲಾಗಿನ್ ಸೆಷನ್ ಅನ್ನೇ ಬಳಸುತ್ತಾರೆ. ಅದರಿಂದ ನಿಮಗೆ ಬರುವ, ನೀವು ಕಳಿಸುವ ಟ್ರೇಡ್ ಆಫರ್‌ಗಳನ್ನು ಅವರ ಪ್ರೋಗ್ರಾಂ ಹಗಲೂ ರಾತ್ರಿ ನೋಡುತ್ತಿರುತ್ತದೆ. ಸೈಟಿನ ಬಾಟ್‌ನಿಂದ ನಿಜವಾದ ಆಫರ್ ಬಂದ ತಕ್ಷಣ ಅದನ್ನು ರದ್ದು ಮಾಡಿ, ಬಾಟ್‌ನ ಹೆಸರು, ಬಾಟ್‌ನ ಫೋಟೋ ಹಾಕಿಕೊಂಡ ಇನ್ನೊಂದು ಅಕೌಂಟಿನಿಂದ ಅಂಥದ್ದೇ ಆಫರ್ ಕಳಿಸುತ್ತದೆ. ಇದೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ನೀವು ಆಫರ್ ನಿರೀಕ್ಷಿಸುತ್ತಿದ್ದಿರಿ, ಆಫರ್ ಬಂತು, ಒತ್ತಿದಿರಿ. ನಿಮ್ಮನ್ನು ದಡ್ಡ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಇದರಿಂದ ತಿಳಿಯಬೇಕಾದದ್ದು ಇಷ್ಟು: ಕಳ್ಳನಿಗೆ ಕೊನೆಗೂ ಬೇಕಿದ್ದದ್ದು ನಿಮ್ಮ ಹೆಬ್ಬೆರಳು. ಸ್ಟೀಮ್‌ನಲ್ಲಿ ನಡೆಯುವ ಹೆಚ್ಚುಕಮ್ಮಿ ಎಲ್ಲ ಮೋಸವೂ ಆ ಒಂದು ಕನ್ಫರ್ಮ್ ಒತ್ತಿಸಿಕೊಳ್ಳಲು ಕಟ್ಟಿದ ನಾಟಕ. ಆದ್ದರಿಂದ ನಿಮ್ಮ ಎಚ್ಚರವನ್ನೆಲ್ಲ ಆ ಒಂದು ಪರದೆಯ ಮುಂದೆ ಖರ್ಚು ಮಾಡಿ. ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಫೋಟೋವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಬದಲಾಯಿಸಲು ಆಗದ್ದು ಆ ಅಕೌಂಟ್ ಸ್ಟೀಮ್‌ಗೆ ಸೇರಿದ ದಿನಾಂಕ. ಟ್ರೇಡ್ ಆಫರ್ ಪುಟದಲ್ಲಿ ಎದುರಿನವರ ಸ್ಟೀಮ್ ಲೆವೆಲ್, ಅವರು ಯಾವಾಗಿನಿಂದ ಸ್ಟೀಮ್‌ನಲ್ಲಿದ್ದಾರೆ ಎಂಬುದು ಬರೆದಿರುತ್ತದೆ. ಸರಿಯಾದ ಸೈಟುಗಳು, ನಮ್ಮ ಬಾಟ್ ಇಂಥ ದಿನ ಸೇರಿದ್ದು, ಲೆವೆಲ್ ಇಷ್ಟು, ಎಂದು ತಮ್ಮ ಪುಟದಲ್ಲೇ ತೋರಿಸುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಅಂಕಿ ಅಂಕಿ ಓದಿ. ನಿಮ್ಮ ಸ್ಕ್ರೀನ್‌ಶಾಟ್ ನೋಡಿದೆ. ಬಾಟ್ 2019ರದ್ದು ಎಂದು ಸೈಟಿನಲ್ಲಿದೆ, ನಿಮಗೆ ಆಫರ್ ಕಳಿಸಿದ ಅಕೌಂಟ್ ಹುಟ್ಟಿ ಎರಡು ತಿಂಗಳೂ ಆಗಿರಲಿಲ್ಲ. ಆ ಒಂದು ಸಾಲು ಓದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ನೈಫ್ ಬಂತು ಅಂತ ಕೈ ತೊಳೆದುಕೊಂಡು ಕೂರಬೇಡಿ. ಅವನು ಒಳಗಿದ್ದರೆ ಇನ್ನೊಮ್ಮೆ ಹೀಗೇ ಆಗುತ್ತದೆ. ಮೊದಲು ಸ್ಟೀಮ್ ಗಾರ್ಡ್ ಸೆಟ್ಟಿಂಗ್‌ಗೆ ಹೋಗಿ ಎಲ್ಲ ಡಿವೈಸ್‌ಗಳಿಂದ ಲಾಗೌಟ್ ಮಾಡಿ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿ, ಇಮೇಲ್‌ನ ಪಾಸ್‌ವರ್ಡನ್ನೂ ಬದಲಾಯಿಸಿ. ಸ್ಟೀಮ್‌ಕಮ್ಯುನಿಟಿ ಡಾಟ್ ಕಾಮ್ ಸ್ಲ್ಯಾಶ್ ಡೆವ್ ಸ್ಲ್ಯಾಶ್ ಎಪಿಐಕೀ ಪುಟ ತೆರೆದು ನೋಡಿ. ನೀವು ಮಾಡದ ಕೀ ಅಲ್ಲಿ ಕಂಡರೆ ಅಳಿಸಿ. ಸಾಮಾನ್ಯ ಆಟಗಾರನಿಗೆ ಆ ಕೀಯ ಅಗತ್ಯವೇ ಇಲ್ಲ, ಆ ಪುಟ ಖಾಲಿ ಇರಬೇಕು. ಕೊನೆಗೆ ಹೊಸ ಟ್ರೇಡ್ ಲಿಂಕ್ (ಇತರರು ನಿಮಗೆ ಆಫರ್ ಕಳಿಸಲು ಬಳಸುವ ವಿಳಾಸ) ಮಾಡಿಕೊಳ್ಳಿ, ಹಳೆಯದು ಸತ್ತುಹೋಗುತ್ತದೆ. ಇಷ್ಟನ್ನೂ ಬೇರೆ ಶುದ್ಧ ಕಂಪ್ಯೂಟರಿನಿಂದ ಮಾಡಿದರೆ ಇನ್ನೂ ಒಳ್ಳೆಯದು.

ನಕಲಿ ಲಾಗಿನ್ ಪುಟದ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು, ಯಾಕೆಂದರೆ ಎಲ್ಲದರ ಬೇರು ಅಲ್ಲಿದೆ. ವಿಳಾಸ ನೋಡಿ ಗುರುತಿಸಿ ಎಂಬ ಹಳೆಯ ಸಲಹೆ ಈಗ ಸಾಲದು. ವಿಳಾಸ ಪಟ್ಟಿ, ಬೀಗದ ಚಿಹ್ನೆ, ಸರಿಯಾದ ಸ್ಟೀಮ್ ವಿಳಾಸ, ಎಲ್ಲವನ್ನೂ ಚಿತ್ರ ಬರೆದ ಹಾಗೆ ಪುಟದೊಳಗೇ ಬರೆದು, ಹೊಸ ವಿಂಡೋ ತೆರೆದುಕೊಂಡಿತೇನೋ ಅನ್ನಿಸುವಂತೆ ಮಾಡುತ್ತಾರೆ. ಪರೀಕ್ಷೆ ಸುಲಭ. ಆ ವಿಂಡೋವನ್ನು ಮೌಸ್‌ನಿಂದ ಹಿಡಿದು ಬ್ರೌಸರಿನ ಅಂಚಿನಾಚೆಗೆ ಎಳೆಯಿರಿ. ನಿಜವಾದ ವಿಂಡೋ ಆಚೆ ಬರುತ್ತದೆ, ನಕಲಿ ಅಂಚಿನಲ್ಲೇ ಕತ್ತರಿಸಿಹೋಗುತ್ತದೆ. ಇನ್ನೊಂದು ಗುರುತೂ ಇದೆ. ನೀವು ಬ್ರೌಸರಿನಲ್ಲಿ ಸ್ಟೀಮ್‌ಗೆ ಮೊದಲೇ ಲಾಗಿನ್ ಆಗಿದ್ದರೆ, ಸ್ಟೀಮ್‌ನ ಅಸಲಿ ಪುಟ ನಿಮ್ಮ ಹೆಸರು ತೋರಿಸಿ ಒಂದು ಬಟನ್ ಒತ್ತಿ ಅನ್ನುತ್ತದೆ, ಅಷ್ಟೇ. ಲಾಗಿನ್ ಆಗಿರುವಾಗಲೇ ಮತ್ತೆ ಪಾಸ್‌ವರ್ಡ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಕ್ಯೂಆರ್ ಕೋಡ್‌ದೂ ಇದೇ ಕಥೆ. ಯಾರೋ ಕೊಟ್ಟ ಲಿಂಕಿನಲ್ಲಿ ಕಂಡ ಕೋಡನ್ನು ಸ್ಟೀಮ್ ಆಪ್‌ನಿಂದ ಸ್ಕ್ಯಾನ್ ಮಾಡಿದರೆ ಪಾಸ್‌ವರ್ಡ್ ಟೈಪ್ ಮಾಡದೆಯೇ ಮನೆ ಬಾಗಿಲು ತೆರೆದುಕೊಟ್ಟಂತೆ. ಲಿಂಕ್ ಕಳಿಸಿದವನು ಹಳೆಯ ಗೆಳೆಯ ಎಂಬುದನ್ನು ನೆಚ್ಚಿಕೊಳ್ಳಬೇಡಿ. ಅವನ ಅಕೌಂಟ್ ಆಗಲೇ ಕೈತಪ್ಪಿರಬಹುದು, ಮಾತಾಡುತ್ತಿರುವವನು ಬೇರೆಯೇ ಇರಬಹುದು. ಫೋನ್ ಮಾಡಿ ದನಿ ಕೇಳಿ.

2015ರ ಡಿಸೆಂಬರಿನಲ್ಲಿ ವಾಲ್ವ್ ತಾನೇ ಹೇಳಿಕೊಂಡಿತ್ತು, ತಿಂಗಳಿಗೆ ಸುಮಾರು 77,000 ಅಕೌಂಟ್‌ಗಳು ಹೀಗೆ ಲೂಟಿಯಾಗುತ್ತಿವೆ ಎಂದು. 2013ರ ಆಗಸ್ಟ್‌ನಲ್ಲಿ ಈ ಆಟಕ್ಕೆ ಸ್ಕಿನ್‌ಗಳು ಬಂದವು, ಅವಕ್ಕೆ ನಿಜವಾದ ದುಡ್ಡಿನ ಬೆಲೆ ಬಂತು, ಹಿಂದೆಯೇ ಕಳ್ಳರೂ ಬಂದರು. ಮೊಬೈಲ್ ಕನ್ಫರ್ಮೇಶನ್, ಅದಿಲ್ಲದವರ ಟ್ರೇಡ್‌ಗೆ 15 ದಿನದವರೆಗಿನ ತಡೆ, ಆಮೇಲೆ ಈ ಏಳು ದಿನದ ಬೀಗ, ಎಲ್ಲವೂ ಒಂದೊಂದು ಪೆಟ್ಟು ಬಿದ್ದ ಮೇಲೆ ಬಂದ ಏರ್ಪಾಡುಗಳು. ಆಟಗಾರರು ತಡ ಆಗುತ್ತದೆ ಅಂತ ಬೈಯುತ್ತಾರೆ. ನನ್ನ ಮಟ್ಟಿಗೆ ಆ ತಡವೇ ನಮ್ಮನ್ನು ಉಳಿಸುತ್ತಿರುವುದು.

ನಾನೂ ಕಳೆದುಕೊಂಡಿದ್ದೇನೆ. 2016ರಲ್ಲಿ ಒಬ್ಬನ ಹತ್ತಿರ ಎಕೆ-47 ರೆಡ್‌ಲೈನ್ ಎಂಬ ಗನ್ ಸ್ಕಿನ್ ತೆಗೆದುಕೊಳ್ಳುತ್ತಿದ್ದೆ, ಫೀಲ್ಡ್-ಟೆಸ್ಟೆಡ್ ಎಂಬ ಮಧ್ಯಮ ಸವೆತದ ದರ್ಜೆಯದು, ಸ್ಟಿಕ್ಕರ್ ಹಚ್ಚಿದ್ದು. ಟ್ರೇಡ್ ವಿಂಡೋ ತೆರೆದು ಇಪ್ಪತ್ತು ನಿಮಿಷ ಮಾತಾಡಿದ. ಎಲ್ಲ ಸರಿ ಇದೆ ಅನ್ನುವಾಗ, "ತಡಿ, ಬೇರೆ ಗನ್ ಹಾಕಿಬಿಟ್ಟೆ" ಅಂತ ತೆಗೆದ, ಮತ್ತೆ ಹಾಕಿದ. ಚಿತ್ರ ಅದೇ, ಬಣ್ಣ ಅದೇ, ಕಪ್ಪು ಮೈಮೇಲೆ ಅದೇ ಕೆಂಪು ಗೆರೆ. ವಿಂಡೋದಲ್ಲಿ ವಸ್ತು ಬದಲಾಗಿದೆ ಎಂಬ ಎಚ್ಚರಿಕೆಯೂ ಬಂತು. ರಾತ್ರಿ ಹನ್ನೊಂದೂವರೆ, ನಿದ್ದೆ ಎಳೆಯುತ್ತಿತ್ತು, ಅವನು ಬೇಗ ಬೇಗ ಅನ್ನುತ್ತಿದ್ದ. ಒತ್ತಿದೆ. ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟಲ್-ಸ್ಕಾರ್ಡ್, ಅಂದರೆ ತೀರಾ ಸವೆದದ್ದು, ಸ್ಟಿಕ್ಕರ್ ಇಲ್ಲ, ಬೆಲೆ ಅರ್ಧಕ್ಕಿಂತ ಕಡಿಮೆ. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ: ಎದುರಿನವನು ವಸ್ತು ತೆಗೆದು ಮತ್ತೆ ಹಾಕಿದರೆ ಆ ಟ್ರೇಡ್ ಅವತ್ತಿಗೆ ಇಲ್ಲ. ಪ್ರತಿ ವಸ್ತುವಿನ ಮೇಲೂ ಮೌಸ್ ಇಟ್ಟು ದರ್ಜೆ ಓದುತ್ತೇನೆ, ಇನ್‌ಸ್ಪೆಕ್ಟ್ ಒತ್ತಿ ಆಟದೊಳಗೇ ನೋಡುತ್ತೇನೆ. ಸ್ಕಿನ್ ಎಷ್ಟು ಸವೆದಿದೆ ಎಂದು ಹೇಳುವ ಫ್ಲೋಟ್ ಸಂಖ್ಯೆ 0.07ರ ಒಳಗಿದ್ದರೆ ಫ್ಯಾಕ್ಟರಿ ನ್ಯೂ, 0.15ರವರೆಗೆ ಮಿನಿಮಲ್ ವೇರ್, 0.38ರವರೆಗೆ ಫೀಲ್ಡ್-ಟೆಸ್ಟೆಡ್, 0.45ರವರೆಗೆ ವೆಲ್-ವೋರ್ನ್, ಅದರಾಚೆ ಬ್ಯಾಟಲ್-ಸ್ಕಾರ್ಡ್. ಈ ಐದು ದರ್ಜೆ ಬಾಯಿಪಾಠ ಇರಲಿ. ಒಂದೇ ಚಿತ್ರದ ಎರಡು ಗನ್‌ಗಳ ನಡುವೆ ಸಾವಿರಾರು ರೂಪಾಯಿ ಅಂತರ ಇರುತ್ತದೆ.

ಡಿಸ್ಕಾರ್ಡ್‌ನಲ್ಲಿ 3 ಸಾವಿರ ಕೇಳುತ್ತಿರುವವನ ವಿಷಯ. ಅವನೂ ಕಳ್ಳನೇ, ಬಹಳ ಸಲ ಅದೇ ಗುಂಪಿನವನು. ಗಾಯ ಆದವನ ಹತ್ತಿರವೇ ಔಷಧಿ ಮಾರಲು ಬರುತ್ತಾರೆ. ಸ್ಟೀಮ್‌ನ ಸಿಬ್ಬಂದಿ ಡಿಸ್ಕಾರ್ಡ್‌ನಲ್ಲಾಗಲೀ ಸ್ಟೀಮ್ ಚಾಟ್‌ನಲ್ಲಾಗಲೀ ಯಾರನ್ನೂ ಮಾತಾಡಿಸುವುದಿಲ್ಲ. ಇದೇ ಜಾತಿಯ ಇನ್ನೊಂದು ಆಟವೂ ಇದೆ: "ಸಾರಿ ಬ್ರೋ, ಬೇರೆಯವನ ಬದಲು ನಿನ್ನ ಮೇಲೆ ರಿಪೋರ್ಟ್ ಮಾಡಿಬಿಟ್ಟೆ, ನಿನ್ನ ಅಕೌಂಟ್ ಬ್ಯಾನ್ ಆಗುತ್ತೆ, ಈ ಸ್ಟೀಮ್ ಅಡ್ಮಿನ್ ಹತ್ತಿರ ಮಾತಾಡು." ಆ ಅಡ್ಮಿನ್, ನಿಮ್ಮ ವಸ್ತುಗಳು ನಕಲಿಯೋ ಅಸಲಿಯೋ ಪರೀಕ್ಷಿಸಬೇಕು, ಗೆಳೆಯನ ಅಕೌಂಟಿಗೆ ಸ್ವಲ್ಪ ಹೊತ್ತು ಕಳಿಸಿ ಅನ್ನುತ್ತಾನೆ. ಹೆದರಿದವನು ಕಳಿಸುತ್ತಾನೆ. ಬೇರೆಯವನು ಮಾಡಿದ ರಿಪೋರ್ಟ್ ಬಗ್ಗೆ ನೀವು ಯಾರ ಹತ್ತಿರವೂ ಮಾತಾಡಬೇಕಿಲ್ಲ, ಹಾಗೊಂದು ಪದ್ಧತಿಯೇ ಇಲ್ಲ. ಬ್ಲಾಕ್ ಮಾಡಿ ಮಲಗಿ.

ಮಿಡಲ್‌ಮ್ಯಾನ್ (ವ್ಯಾಪಾರ ಮುಗಿಯುವವರೆಗೆ ವಸ್ತು ಹಿಡಿದಿಟ್ಟುಕೊಳ್ಳುವ ಮಧ್ಯವರ್ತಿ) ಬಗ್ಗೆಯೂ ಒಂದು ಮಾತು. ನಮ್ಮ ದನದ ಜಾತ್ರೆಯಲ್ಲಿ ದಳ್ಳಾಳಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನೆ. ಬೆರಳು ಕಾಣದಿದ್ದರೂ ಎತ್ತು ಎಲ್ಲರ ಕಣ್ಣೆದುರೇ ಇರುತ್ತದೆ, ಅದರ ಹಗ್ಗ ಮಾರುವವನ ಕೈಯಲ್ಲೇ ಇರುತ್ತದೆ, ದಳ್ಳಾಳಿಯ ಮುಖ ಊರಿಗೆಲ್ಲ ಗೊತ್ತಿರುತ್ತದೆ. ಇಲ್ಲಿ ಮಾತ್ರ ಮುಖ ನೋಡದ ಮಿಡಲ್‌ಮ್ಯಾನ್ ಕೈಗೆ ಮೊದಲೇ ಹಗ್ಗ ಕೊಡಿ ಅನ್ನುತ್ತಾರೆ. ಕೊಡಬೇಡಿ. ಎದುರಿನವನೇ ಸೂಚಿಸಿದ ಮಿಡಲ್‌ಮ್ಯಾನ್ ಆದರಂತೂ ಮಾತೇ ಬೇಡ.

ಈಗ ನಿಮ್ಮ ರೂಮ್‌ಮೇಟ್. ಅವನದು ನಿಮ್ಮದಕ್ಕಿಂತ ಗಂಭೀರ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸ್ಟೀಮ್ ಮಾರ್ಕೆಟ್ಟಿನಲ್ಲಿ ಮಾರಿದರೆ ಸುಮಾರು 15 ಪರ್ಸೆಂಟ್ ಕಮಿಷನ್ ಹೋಗುತ್ತದೆ, ಬಂದ ಹಣ ಸ್ಟೀಮ್ ವಾಲೆಟ್‌ನಲ್ಲೇ ಉಳಿಯುತ್ತದೆ. ಅಲ್ಲಿಂದ ಬ್ಯಾಂಕಿಗೆ ತರುವ ದಾರಿಯಿಲ್ಲ. ದುಡ್ಡು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಜನ ಟೆಲಿಗ್ರಾಂ, ಡಿಸ್ಕಾರ್ಡ್ ಅಂತ ಹೊರಗೆ ಮಾರುವುದು ಇದೇ ಕಾರಣಕ್ಕೆ. ಹೊರಗೆ ನಡೆದದ್ದಕ್ಕೆ ಸ್ಟೀಮ್ ಹೊಣೆ ಹೊರುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಕಾಣುವುದು ಪೇಮೆಂಟ್ ಆಯಿತು ಎಂಬ ಸುಳ್ಳು ಸ್ಕ್ರೀನ್‌ಶಾಟ್, ಬ್ಯಾಂಕಿನದ್ದೇ ಅನ್ನಿಸುವ ಸುಳ್ಳು ಎಸ್‌ಎಂಎಸ್. ಅವೆರಡನ್ನೂ ನಂಬದೆ ಬ್ಯಾಂಕಿನ ಆಪ್ ತೆರೆದು ಬ್ಯಾಲೆನ್ಸ್ ನೋಡಿದರೆ ಗೊತ್ತಾಗುತ್ತದೆ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ಅದು ಸುಳ್ಳು. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಬ್ಯಾಲೆನ್ಸ್ ನೋಡುವುದಕ್ಕೆ. ಹಣ ಬರುವುದಕ್ಕೆ ಅಲ್ಲ.

ನಿಮ್ಮ ರೂಮ್‌ಮೇಟ್‌ಗೆ ಹಣ ನಿಜವಾಗಿಯೇ ಬಂತು. ತೊಂದರೆ ಇರುವುದೇ ಆ ಹಣದಲ್ಲಿ. ಎಲ್ಲೋ ಯಾರೋ ಒಬ್ಬ ಅಜ್ಜ, ಒಬ್ಬ ಅಂಗಡಿಯವರು, ಸೈಬರ್ ವಂಚಕರಿಗೆ ಹಣ ಕಳೆದುಕೊಂಡಿರುತ್ತಾರೆ. ವಂಚಕ ಆ ಹಣವನ್ನು ನಿಮ್ಮ ರೂಮ್‌ಮೇಟ್‌ನ ಅಕೌಂಟಿಗೆ ಹಾಕಿಸಿ ಗ್ಲವ್ಸ್ ತೆಗೆದುಕೊಂಡು ಹೋಗುತ್ತಾನೆ. ಕದ್ದ ಹಣ ಸ್ಕಿನ್ ಆಯಿತು, ಸ್ಕಿನ್ ಇನ್ನೆಲ್ಲೋ ಮತ್ತೆ ಹಣವಾಗುತ್ತದೆ. ಆ ಅಜ್ಜ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಾಗ ಹಣದ ಜಾಡು ಹಿಡಿದು ಹೋದವರಿಗೆ ಸಿಗುವುದು ನಿಮ್ಮ ರೂಮ್‌ಮೇಟ್‌ನ ಅಕೌಂಟ್ ನಂಬರ್. ಬ್ಯಾಂಕು ತಡೆ ಹಾಕುತ್ತದೆ. ಇದು ಬಹಳ ಸಲ ಬೇರೆ ರಾಜ್ಯದ ಠಾಣೆಯಿಂದ ಬಂದಿರುತ್ತದೆ, ಹುಡುಗರು ಕಂಗಾಲಾಗುತ್ತಾರೆ.

ಅವನು ಓಡಿಹೋಗುವ ತಪ್ಪು ಮಾಡಬಾರದು, ಚಾಟ್ ಅಳಿಸಲೂಬಾರದು. ಬ್ಯಾಂಕಿಗೆ ಹೋಗಿ ಯಾವ ದೂರಿನ ಮೇಲೆ, ಯಾವ ಠಾಣೆ ಕೇಳಿದ್ದರಿಂದ ತಡೆ ಬಿದ್ದಿದೆ, ದೂರಿನ ಸಂಖ್ಯೆ ಏನು ಎಂದು ಬರವಣಿಗೆಯಲ್ಲಿ ಕೇಳಲಿ. ಆಮೇಲೆ ಚಾಟ್, ಟ್ರೇಡ್ ಹಿಸ್ಟರಿ, ಎದುರಿನವನ ಪ್ರೊಫೈಲ್ ವಿಳಾಸ, ಹಣ ಬಂದ ಯುಪಿಐ ಐಡಿ ಮತ್ತು ವಹಿವಾಟಿನ ಸಂಖ್ಯೆ, ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿ ಆ ತನಿಖಾಧಿಕಾರಿಗೆ ಕಳಿಸಲಿ. ಇಡೀ ಅಕೌಂಟ್ ಬದಲು ವಿವಾದದ ಮೊತ್ತಕ್ಕೆ ಮಾತ್ರ ತಡೆ ಇರಲಿ ಎಂದು ವಿನಂತಿಸಬಹುದು. ಒಪ್ಪದಿದ್ದರೆ ವಕೀಲರನ್ನು ಕಂಡು ನ್ಯಾಯಾಲಯದ ಮೂಲಕ ಹೋಗಬೇಕಾಗುತ್ತದೆ. ಮನೆಯವರಿಗೆ ಈಗಲೇ ಹೇಳಲಿ. ಮುಚ್ಚಿಟ್ಟಷ್ಟೂ ಭಾರ ಹೆಚ್ಚುತ್ತದೆ. ಮಗ ಕಳ್ಳನಲ್ಲ, ವಸ್ತು ಮಾರಿದವನು. ದಾಖಲೆ ತೋರಿಸಿದರೆ ಅಪ್ಪ ಅಮ್ಮನಿಗೆ ಅರ್ಥವಾಗುತ್ತದೆ.

ನಿಮ್ಮ ಪ್ರಕರಣದಲ್ಲೂ ನೈಫ್ ಬಂದಿದೆ ಅಂತ ಸುಮ್ಮನಾಗದೆ ದೂರು ಕೊಡಿ ಎಂದೇ ನನ್ನ ಸಲಹೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಕೊಡಬಹುದು, ಇಲ್ಲವೇ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಬಹುದು. ಆಟದ ಚಾಕು ಕಳೆದಿದೆ ಅಂದರೆ ಎದುರಿನವರಿಗೆ ತಲೆಬುಡ ತಿಳಿಯದು. "ನಕಲಿ ಲಾಗಿನ್ ಪುಟದ ಮೂಲಕ ನನ್ನ ಪಾಸ್‌ವರ್ಡ್ ಕದ್ದು, ಬೇರೆಯವರ ವೇಷದಲ್ಲಿ 26 ಸಾವಿರ ರೂಪಾಯಿ ಬೆಲೆಯ ಡಿಜಿಟಲ್ ವಸ್ತು ಪಡೆದಿದ್ದಾರೆ" ಎಂದು ಬರೆಯಿರಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪಾಸ್‌ವರ್ಡ್‌ನಂಥ ಗುರುತು ಕದಿಯುವುದಕ್ಕೆ, 66ಡಿ ಕಂಪ್ಯೂಟರ್ ಬಳಸಿ ವೇಷ ಮರೆಸಿ ವಂಚಿಸುವುದಕ್ಕೆ ಅನ್ವಯಿಸುತ್ತವೆ. ಎರಡಕ್ಕೂ ಮೂರು ವರ್ಷದವರೆಗೆ ಶಿಕ್ಷೆ ಇದೆ.

ಮುಂದೆ ಟ್ರೇಡ್ ಮಾಡುವುದಾದರೆ ಎಂದು ಕೇಳಿದ್ದೀರಿ. ಮಾಡಿ, ಬೇಡ ಅನ್ನುವುದಿಲ್ಲ. ವಸ್ತುವಿಗೆ ವಸ್ತು ಬದಲಾಯಿಸುವುದಿದ್ದರೆ ಎರಡೂ ಕಡೆಯದು ಒಂದೇ ಟ್ರೇಡ್‌ನಲ್ಲಿ ಇರಬೇಕು. "ಮೊದಲು ನೀನು ಕಳಿಸು, ಆಮೇಲೆ ನಾನು" ಎಂಬ ವ್ಯವಹಾರ ಯಾವ ಕಾರಣಕ್ಕೂ ಬೇಡ. ಹೊರಗಿನ ಹಣಕ್ಕೆ ಕೊಳ್ಳುವಾಗ ಇನ್ನೊಂದು ಸಂಗತಿ ನೆನಪಿಡಿ, ಇದು ಹೊಸದು: ನಿಮ್ಮನ್ನು ಉಳಿಸಿದ ಆ ಏಳು ದಿನದ ರದ್ದತಿಯನ್ನೇ ಕಳ್ಳನೂ ಬಳಸಬಲ್ಲ. ನಿಮ್ಮ ಹತ್ತಿರ ಹಣ ತೆಗೆದುಕೊಂಡು ಸ್ಕಿನ್ ಕೊಡುತ್ತಾನೆ, ಐದನೇ ದಿನ ಟ್ರೇಡ್ ರದ್ದು ಮಾಡಿ ಸ್ಕಿನ್ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಸ್ಕಿನ್ ಹೋಯಿತು, ಹಣವೂ ಬರಲಿಲ್ಲ. ಹಾಗಾಗಿ ಏಳು ದಿನ ಮುಗಿಯುವವರೆಗೆ ಹಣವನ್ನು ತನ್ನಲ್ಲೇ ಇಟ್ಟುಕೊಳ್ಳುವ ವ್ಯವಸ್ಥೆ ಇದ್ದರೆ ಮಾತ್ರ ಕೊಳ್ಳಿ. ಬೆಲೆ ದಿಢೀರ್ ಏರಿಳಿದ ದಿನಗಳಲ್ಲಿ ವ್ಯಾಪಾರವೇ ಬೇಡ. 2025ರ ಅಕ್ಟೋಬರಿನಲ್ಲಿ ಕೆಂಪು ದರ್ಜೆಯ, ಅಂದರೆ ಬಹಳ ಅಪರೂಪದ, ಐದು ಸ್ಕಿನ್ ಕೊಟ್ಟು ನೈಫ್ ಪಡೆಯಬಹುದು ಎಂಬ ಬದಲಾವಣೆ ಬಂದಾಗ ನೈಫ್‌ಗಳ ಬೆಲೆ ನೆಲಕಚ್ಚಿತು. ಗಾಬರಿಯಾದವನು ಯಾರು ಕೇಳಿದರೂ ಕೊಟ್ಟುಬಿಡುತ್ತಾನೆ. ಇವತ್ತು ರಾತ್ರಿ ಕೊಟ್ಟರೆ ಮಾತ್ರ ಈ ರೇಟು ಅನ್ನುವವನಿಗೆ, ನಾಳೆ ನೋಡೋಣ ಅನ್ನಿ. ಹೋದರೆ ಹೋಗಲಿ.

ನಿಮ್ಮ ಅಕೌಂಟಿಗೆ ಹೇಗೂ 30 ದಿನ ಟ್ರೇಡ್ ಇಲ್ಲ. ಅಷ್ಟರಲ್ಲಿ ಆ ವೋಟ್ ಲಿಂಕ್ ಕಳಿಸಿದ ಗೆಳೆಯನಿಗೆ ಫೋನ್ ಮಾಡಿ, ಅವನ ಅಕೌಂಟೂ ಹೋಗಿರಬಹುದು, ಅವನಿಗೆ ಗೊತ್ತೇ ಇಲ್ಲದಿರಬಹುದು. ರೂಮ್‌ಮೇಟ್‌ಗೆ ಬ್ಯಾಂಕಿನಿಂದ ದೂರಿನ ಸಂಖ್ಯೆ ಸಿಕ್ಕ ಕೂಡಲೇ ನನಗೆ ಬರೆಯಲಿ. ಠಾಣೆಗೆ ಕಳಿಸುವ ಪತ್ರವನ್ನು ಒಟ್ಟಿಗೆ ಕೂತು ಬರೆಯೋಣ.